ಹೊರಬೀಡಿನ ದಿನ ಊರು ಹೊಕ್ಕ ಜಿಂಕೆಗಳು

ಈಗಿನವರಿಗೆ ಜಿಂಕೆ ಎಂದರೆ ಬಲು ಪ್ರೀತಿ. ನನ್ನ ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಜಿಂಕೆಯ ಚಿತ್ರ ಬಂದ ತಿಂಗಳು ಮುಗಿದರೂ ಹಾಳೆ ಮಗುಚಲು ಬಿಡುವುದಿಲ್ಲ. ಅದರ ಕಣ್ಣು ನೋಡಜ್ಜಿ ಎನ್ನುತ್ತಾಳೆ. ನಾನು ಮದುವೆಯಾಗಿ ಹೋದ ಊರಿನಲ್ಲಿ ಜಿಂಕೆಯ ಕಣ್ಣು ಚಂದ ಎಂದು ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ. ಹೆಸರುಕಾಳಿನ ಹೊಲಕ್ಕೆ ಜಿಂಕೆ ನುಗ್ಗಿದವು ಎಂದರೆ ಜನ ಕೈಗೆ ಸಿಕ್ಕ ತಟ್ಟೆ, ತಂಬಿಗೆ ಬಡಿಯುತ್ತ ಓಡುತ್ತಿದ್ದರು. ಕಣ್ಣು ನೋಡುವಷ್ಟು ಹೊತ್ತು ಅವು ನಿಲ್ಲುತ್ತಲೂ ಇರಲಿಲ್ಲ.

ಹಾಗಿದ್ದ ಜಿಂಕೆಗಳು ಒಂದು ಬೇಸಿಗೆಯಲ್ಲಿ ಓಡದೆ ನಿಲ್ಲತೊಡಗಿದಾಗ ಊರಿಗೆ ಊರೇ ಗಾಬರಿಯಾಯಿತು.

ಅದು ಐವತ್ತರ ದಶಕದ ಕೊನೆಯ ಮಾತು. ಶಿರಾಳಕೊಪ್ಪದಿಂದ ಆಚೆ, ಒಂದೇ ಬೀದಿಯ ಸಣ್ಣ ಊರು ನಮ್ಮದು. ಒಂದು ತುದಿಗೆ ಕೆರೆ, ಕೆರೆಯ ಆಚೆ ಕುರುಚಲು ಕಾಡು. ಇನ್ನೊಂದು ತುದಿಯಿಂದ ಆನವಟ್ಟಿಯ ಕಡೆಗೆ ಗಾಡಿದಾರಿ. ಆ ದಾರಿ ಹಿಡಿದು ಹೋದರೆ ಸೊರಬ ತಾಲ್ಲೂಕು, ಅಲ್ಲಿ ನನ್ನ ತವರು. ಮದುವೆಯಾಗಿ ಇನ್ನೂ ವರ್ಷ ಸರಿಯಾಗಿ ಕಳೆದಿರಲಿಲ್ಲ. ಹೊಸ ಸೊಸೆ ಹಿರಿಯರ ಎದುರು ಬಾಯಿ ಬಿಡಬಾರದು ಎಂಬ ಕಟ್ಟಳೆ ಆ ಊರಿನಲ್ಲಿ ಬಿಗಿಯಾಗಿತ್ತು. ಆನವಟ್ಟಿಯ ಮಿಡ್ಲ್ ಸ್ಕೂಲಿನಲ್ಲಿ ಎದ್ದು ನಿಂತು ಪದ್ಯ ಒಪ್ಪಿಸಿ ಶಭಾಷ್ ಅನ್ನಿಸಿಕೊಂಡಿದ್ದವಳು ನಾನು. ಇಲ್ಲಿ ಬಾಗಿಲ ಹಿಂದೆ ನಿಂತು, ಹೇಳಬೇಕಾದ್ದನ್ನು ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ಜಗುಲಿಯಲ್ಲಿ ಕುಳಿತವರಿಗೆ ದಾಟಿಸಬೇಕು. ದಾಟಿಸುವಾಗ ನನ್ನ ಮಾತು ಅತ್ತೆಯ ಮಾತಾಗಿಬಿಡುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ಎಂದರೆ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಮಗ ಮೂರನ್ನೂ ಒಂದೇ ಗದರಿಕೆಯಲ್ಲಿ ನಡೆಸಿದವಳು. ಅವಳ ಮಗ, ಎಂದರೆ ನನ್ನ ಗಂಡ, ಆ ಗದರಿಕೆಯ ಕೆಳಗೇ ಬೆಳೆದದ್ದರಿಂದ ಮಾತು ಆಡುವ ಅಭ್ಯಾಸವೇ ಅವರಿಗೆ ಆಗಿರಲಿಲ್ಲ. ಹೂಂ ಎಂದರೆ ಅದೇ ದೊಡ್ಡ ಭಾಷಣ.

ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಒಂದು ಕೆಂದಾಕಳು. ತವರಿನಿಂದ ನನ್ನ ಜೊತೆಗೆ ನಡೆದುಕೊಂಡು ಬಂದದ್ದು. ನಾನು ಅಳುತ್ತ ಬಂದೆ, ಅದು ದಾರಿಯುದ್ದಕ್ಕೂ ಮೇಯುತ್ತ ಬಂತು. ಸಿಟ್ಟು ಬಂದಾಗ, ಅಳು ಬಂದಾಗ ಕೊಟ್ಟಿಗೆಗೆ ಹೋಗಿ ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತ ನಿಲ್ಲುತ್ತಿದ್ದೆ. ನಮ್ಮ ಕಡೆಯ ಮಾತಿನಲ್ಲಿ ಅದರ ಜೊತೆ ಮಾತಾಡುತ್ತಿದ್ದೆ. ಆ ಬೇಸಿಗೆಯಲ್ಲಿ ಅದಕ್ಕೆ ಚೊಚ್ಚಲ ಗಬ್ಬ. ಕರು ಯಾವಾಗ ಹಾಕುತ್ತದೋ ಎಂದು ನಾನು ದಿನಾ ಅದರ ಕೆಚ್ಚಲು ನೋಡುತ್ತಿದ್ದೆ. ಈ ಊರಿನಲ್ಲಿ ಹುಟ್ಟುವ ನನ್ನ ಕಡೆಯ ಮೊದಲ ಜೀವ ಅದು ಎಂಬ ಹಂಬಲ ನನಗೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಜಿಂಕೆಗಳ ಸುದ್ದಿ ಮೊದಲು ತಂದವರು ಕಾಡಿಗೆ ದನ ಹೊಡೆದುಕೊಂಡು ಹೋಗುತ್ತಿದ್ದವರು. ಕೊಂಬಿನ ಗಂಡೊಂದು ಕುಂಟುತ್ತಿದೆ ಎಂದರು. ಯಾರೋ ಕಲ್ಲು ಹೊಡೆದಿರಬೇಕು ಎಂದು ಊರು ಸುಮ್ಮನಾಯಿತು. ಕೆಲವು ದಿನ ಕಳೆದ ಮೇಲೆ ಕುಂಟುವವು ಹೆಚ್ಚಾದವು. ಆಮೇಲೆ ಇಡೀ ಹಿಂಡೇ ಕುಂಟುತ್ತಿದೆ ಎಂದು ಬಂತು. ಬಟ್ಟೆ ಒಗೆಯಲು ಕೆರೆಗೆ ಹೋದಾಗ ನಾನೇ ನೋಡಿದೆ. ಆಚೆ ದಡದಲ್ಲಿ ನಿಂತಿದ್ದವು. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಕಾದ ಕಲ್ಲಿನ ಮೇಲೆ ನಿಂತ ಹಾಗೆ ಒಂದು ಕಾಲು ಎತ್ತುವುದು, ಇಳಿಸುವುದು, ಇನ್ನೊಂದು ಎತ್ತುವುದು. ನಾನು ಒಗೆಯುವ ಕಲ್ಲಿಗೆ ಬಟ್ಟೆ ಬಡಿದರೂ ಅವು ಓಡಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದವು. ಮರಿಗಳಂತೂ ಮಲಗಿದಲ್ಲಿಂದ ಏಳುತ್ತಿರಲಿಲ್ಲ. ಮುಂದಿನ ವಾರದ ಹೊತ್ತಿಗೆ ಕಾಡಿನ ಮೇಲೆ ಹದ್ದು ಸುತ್ತತೊಡಗಿದವು. ಗಾಳಿ ಆ ಕಡೆಯಿಂದ ಬೀಸಿದರೆ ಊಟ ಗಂಟಲಿಗಿಳಿಯುತ್ತಿರಲಿಲ್ಲ. ಹೊಲಗಳ್ಳ ಜಿಂಕೆಗಳನ್ನು ನೆನೆದು ನನಗೆ ಪಾಪ ಎನ್ನಿಸಿತು.

ಊರಿನವರಿಗೆ ಪಾಪಕ್ಕಿಂತ ಮೊದಲು ಜಗಳ ಹುಟ್ಟಿತು. ಈ ರೋಗ ಎಲ್ಲಿಂದ ಬಂತು? ಅಂಬ್ಲಿಗೊಳದ ಕಡೆಯ ಜಿಂಕೆ ನಮ್ಮ ಜಿಂಕೆಗೆ ಅಂಟಿಸಿದವು ಎಂದು ಕೆಲವರು. ಜಿಂಕೆಗೆ ನಮ್ಮದು ನಿಮ್ಮದು ಎಂದು ಯಾವಾಗಿನಿಂದ ಎಂದು ಕೆಲವರು. ಅದೇ ಹೊತ್ತಿಗೆ ಸೊರಬದ ಕಾಡಿನ ಕಡೆ ಮಂಗ ಸಾಯುತ್ತವೆ, ಜನಕ್ಕೂ ಜ್ವರ ಬರುತ್ತದೆ ಎಂಬ ಸುದ್ದಿ ಎಲ್ಲರನ್ನೂ ಹೆದರಿಸಿತ್ತು. ಹಾಗಾಗಿ ಬೀದಿಯಲ್ಲಿ ಸಿಕ್ಕ ಹೆಂಗಸರೆಲ್ಲ, ತವರಿಗೆ ಹೋಗಿ ಬರುವಾಗ ನಾನೇ ಏನಾದರೂ ಸೆರಗಿನಲ್ಲಿ ಕಟ್ಟಿಕೊಂಡು ಬಂದೆನೋ ಎನ್ನುವ ಹಾಗೆ ನನ್ನನ್ನು ನೋಡತೊಡಗಿದರು. ಫಾರೆಸ್ಟ್ ಗಾರ್ಡ್ ಒಮ್ಮೆ ಬಂದು ಹೋದರು. ಗೌಡರು ಅವರನ್ನು ತಡೆದು ಏನಾದರೂ ಮಾಡಿ ಎಂದರಂತೆ. "ಜಿಂಕಿ ಸರ್ಕಾರದ್ದು, ಮುಟ್ಟಬ್ಯಾಡ್ರಿ. ರೋಗ ಸರ್ಕಾರದ್ದಲ್ಲ" ಎಂದು ಹೇಳಿ ಅವರು ಹೊರಟುಹೋದರು.

ಕೊನೆಗೆ ಶಿಕಾರಿಪುರದಿಂದ ದನದ ಡಾಕ್ಟರು ಸೈಕಲ್ ತುಳಿದುಕೊಂಡು ಬಂದರು. ಮೈಸೂರಿನ ಕಡೆಯ, ತೆಳ್ಳಗಿನ, ಬೆವರಿದರೂ ಕೋಟು ಬಿಚ್ಚದ ಮನುಷ್ಯ. ಕೆರೆಯ ಏರಿಯ ಮೇಲೆ ನಿಂತು ಜಿಂಕೆಗಳನ್ನು ಬಹಳ ಹೊತ್ತು ನೋಡಿ, ನಮ್ಮ ಮನೆಯ ಜಗುಲಿಗೆ ಬಂದು ಕುಳಿತರು. ಬೀದಿಯ ಮೊದಲ ಮನೆ ನಮ್ಮದಾದ್ದರಿಂದ ಪಂಚಾಯ್ತಿಯೆಲ್ಲ ನಮ್ಮ ಜಗುಲಿಯಲ್ಲೇ. ಗೌಡರೂ ಬಂದರು. ಗೌಡರೆಂದರೆ ಊರಿನ ಪಟೇಲರು, ದೊಡ್ಡ ಮೀಸೆ, ದೊಡ್ಡ ಮನಸ್ಸು. ಆದರೆ ಒಂದು ಸಲ ಹೇಳಿದ್ದನ್ನು ಬದಲಿಸಿದರೆ ಮೀಸೆಗೆ ಅವಮಾನ ಎಂದು ತಿಳಿದವರು.

"ಇದು ಕಾಲುಬಾಯಿ ಬೇನೆ ಗೌಡರೇ," ಎಂದರು ಡಾಕ್ಟರು. "ದನ, ಜಿಂಕೆ ಎರಡೂ ಒಂದೇ ಕಾಡಿನಲ್ಲಿ ಮೇಯುತ್ತವೆ, ಒಂದೇ ಕೆರೆಯ ನೀರು ಕುಡಿಯುತ್ತವೆ. ದನದಿಂದ ಜಿಂಕೆಗೆ ಬಂದಿರುತ್ತೆ. ಇನ್ನು ಜಿಂಕೆಯಿಂದ ದನಕ್ಕೆ ಬರುತ್ತೆ."

"ನಮ್ಮ ದನ ಕೊಟ್ಟಾವು ಅಂತೀರೇನ್ರೀ?" ಗೌಡರು ಎದ್ದು ನಿಂತರು. "ನಮ್ಮೂರಾಗ ಒಂದು ದನಕ್ಕೂ ಏನೂ ಆಗಿಲ್ಲಲ್ರೀ!"

"ನಿಮ್ಮ ದನ ಅಂತ ನಾನು ಅಂದೆನೇ? ಯಾವ ಊರಿನ ದನವೋ."

"ಹಂಗಂದ್ರ ಸರಿ," ಎಂದು ಗೌಡರು ಕುಳಿತರು. ಯಾವ ಊರಿನದೋ ಎಂಬ ಮಾತು ಎಲ್ಲರಿಗೂ ಹಿಡಿಸಿತು. ಅದು ಯಾವ ಊರು ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಊರು ಗೊತ್ತಿತ್ತು.

ಡಾಕ್ಟರು ಹೇಳಿದ್ದು ಇಷ್ಟು. ದನಗಳನ್ನು ಕಾಡಿಗೆ ಬಿಡಬೇಡಿ, ಕೆರೆಗೆ ಹೊಡೆಯಬೇಡಿ. ಕೊಟ್ಟಿಗೆಯಲ್ಲೇ ಕಟ್ಟಿ ಬಾವಿಯ ನೀರು ಕೊಡಿ. ಜಿಂಕೆ ಬಾಯಿಟ್ಟ ನೀರು, ಹುಲ್ಲು ಏನಿದ್ದರೂ ಚೆಲ್ಲಿಬಿಡಿ, ಪಾತ್ರೆಗೆ ಬಟ್ಟೆ ಸೋಡಾ ಹಾಕಿ ತೊಳೆಯಿರಿ, ಸೋಡಾ ಇಲ್ಲದಿದ್ದರೆ ಒಲೆಯ ಬೂದಿಯಾದರೂ ಸುರಿಯಿರಿ. ಕೊನೆಗೆ ಒಳಗೆ ಇಣುಕಿ ನಮ್ಮ ಕೆಂದಾಕಳನ್ನು ಕಂಡು, "ಇದು ಗಬ್ಬದ್ದೋ? ಇದನ್ನು ಜೋಪಾನ ಮಾಡಿ. ಬೇನೆ ಬಂದರೆ ದಿನ ತುಂಬುವ ಮೊದಲೇ ಕಂದು ಹಾಕಿಬಿಡುತ್ತೆ" ಎಂದರು. ನಾನು ಬಾಗಿಲ ಹಿಂದಿನಿಂದ ಅದರ ಹೊಟ್ಟೆಯನ್ನೇ ನೋಡಿದೆ.

ಡಾಕ್ಟರ ಸೈಕಲ್ ಶಿರಾಳಕೊಪ್ಪದ ಕಡೆ ಮರೆಯಾಗುತ್ತಿದ್ದ ಹಾಗೆ ಗೌಡರು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರು ಹೇಳಿದ್ದು ಖರೇ ಐತಿ. ರೋಗ ಊರೊಳಗ ಬರಬಾರದು. ಅದಕ್ಕ ಮಂಗಳವಾರ ಹೊರಬೀಡು ಮಾಡಾನ."

ಹೊರಬೀಡು ಗೊತ್ತಿಲ್ಲದವರಿಗೆ ಹೇಳಬೇಕು. ಊರಿಗೆ ಬೇನೆ ಬರುವ ಸೂಚನೆ ಕಂಡರೆ ಇಡೀ ಊರು ಒಂದು ದಿನ ಮನೆ ಬಿಟ್ಟು ಹೊರಗೆ ಹೋಗುವುದು. ಬೆಳಗಾಗುತ್ತಲೇ ಒಲೆ ಆರಿಸಿ, ಮುದುಕರು, ಬಾಣಂತಿಯರು, ದನ, ಕರು, ಕೋಳಿ, ಎಲ್ಲರೂ ಊರ ಹೊರಗೆ. ಊರ ಬಾಯಿಗೆ ಮುಳ್ಳು ಹಚ್ಚುತ್ತಾರೆ. ಹೊರಗೇ ಅಡುಗೆ, ಊಟ, ಊರಮ್ಮನ ಪೂಜೆ. ದನಗಳಿಗೆ ಮಾತ್ರ ಅಂದು ಉಪವಾಸ, ಗೂಟಕ್ಕೆ ಕಟ್ಟಿ ನೀರು, ಮೇವು ಮುಟ್ಟಿಸುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೇವಿನ ತೋರಣದ ಕೆಳಗೆ ಹಾದು ಎಲ್ಲರೂ ಒಳಗೆ ಬರುತ್ತಾರೆ. ಅಷ್ಟರಲ್ಲಿ ಖಾಲಿ ಊರಿನಲ್ಲಿ ಕೂರಲು ಬೇಸರವಾಗಿ ಬೇನೆ ಹೊರಟುಹೋಗಿರುತ್ತದೆ ಎಂದು ನಂಬಿಕೆ. ದೀಪದ ಹೊತ್ತಿಗೆ ಮೊದಲು ಯಾರಾದರೂ ಒಳಗೆ ಕಾಲಿಟ್ಟರೆ ಮಾಡಿದ್ದೆಲ್ಲ ಕೆಟ್ಟಂತೆ, ಮುಂದೆ ಊರಿಗೆ ಏನೇ ಕೆಡುಕಾದರೂ ಅವರ ತಲೆಗೆ. ಒಳಗೆ ಬಂದ ರಾತ್ರಿ ಬಾವಿ ಮುಟ್ಟುವಂತಿಲ್ಲ. ಆದ್ದರಿಂದ ಹೊರಡುವ ಮೊದಲೇ ಪ್ರತಿ ಮನೆಯವರೂ ಬಾಗಿಲ ಮುಂದಿನ ಮಣ್ಣಿನ ಬಾನಿಗೆ ನೀರು ತುಂಬಿ, ಒಂದಿಷ್ಟು ತೌಡು ಕಲಸಿ, ಪಕ್ಕಕ್ಕೆ ಹುಲ್ಲು ಹಾಕಿ ಹೋಗುತ್ತಾರೆ. ಬಂದ ದನ ಕುಡಿದು ಮಲಗಬೇಕಲ್ಲ.

"ಜಾಗ?" ಎಂದು ಯಾರೋ ಕೇಳಿದರು.

"ಕೆರಿ ಅಂಗಳ. ನೀರು ಐತಿ, ನೆರಳು ಐತಿ," ಎಂದರು ಗೌಡರು.

ನಾನು ಬಾಗಿಲ ಹಿಂದಿನಿಂದ ಅತ್ತೆಯ ಸೆರಗು ಜಗ್ಗಿದೆ. "ಅತ್ತೇ, ಕೆರೆ ಹತ್ರ ಜಿಂಕೆ ನೀರು ಕುಡೀತವೆ, ಅಲ್ಲಿ ಬ್ಯಾಡ, ಡಾಕ್ಟ್ರು ಬ್ಯಾಡ ಅಂದಿದಾರೆ ಅಂತ ಹೇಳಿ."

ಅತ್ತೆ ಗಂಟಲೆತ್ತಿದಳು. "ಗೌಡ್ರೇ, ನಮ್ಮ ಸೊಸಿಗೆ ಕೆರಿ ಕಂಡ್ರ ಅಂಜಿಕಿ ಅಂತ!"

ಜಗುಲಿ ನಕ್ಕಿತು. ನಾನು ಇನ್ನೊಮ್ಮೆ ಜಗ್ಗಿದೆ. ನಮ್ಮ ಆಕಳು ಗಬ್ಬದ್ದು, ಅದೊಂದು ಮನೆಯಲ್ಲೇ ಇರಲಿ ಎಂದು ಕೇಳಿ ಎಂದೆ. ಇದನ್ನು ಅತ್ತೆ ನೆಟ್ಟಗೇ ದಾಟಿಸಿದಳು. ಗೌಡರು ತಲೆ ಅಲ್ಲಾಡಿಸಿದರು. "ಒಂದು ಕೋಳಿ ಉಳಿದ್ರೂ ಹೊರಬೀಡು ಕೆಟ್ಟಂಗ ಅಕ್ಕಾ. ಎಲ್ಲಾ ಊರ ಹೊರಗ. ನಿಮ್ಮಾಕಳಾ, ನನ್ನೆತ್ತಾ ಅಂತ ಭೇದ ಇಲ್ಲ." ಆಡಿ ಆಗಿತ್ತು, ಇನ್ನು ಮೀಸೆಯ ಪ್ರಶ್ನೆ.

ಆ ದಿನ ನಾನು ಊಟ ಮಾಡಲಿಲ್ಲ. ಅತ್ತೆ ನೋಡಿದಳು. ನಾನು ಪಾತ್ರೆ ತೊಳೆಯುವಾಗ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಳು.

"ಏ ಹುಡುಗಿ. ಗೌಡ ಊರ ಹೊರಗ ಇರಬೇಕು ಅಂದ. ಯಾವ ಕಡಿಗೆ ಹೊರಗ ಅಂತ ಹೇಳಿದನೇನು?"

"ಕೆರೆ ಅಂಗಳ ಅಂದ್ರಲ್ಲ ಅತ್ತೆ."

"ಅದು ಊಟಕ್ಕ ಹೇಳಿದ್ದು. ನಮಗ ಅವನ ಊಟ ಬ್ಯಾಡ."

ಆನವಟ್ಟಿಯ ದಾರಿಯ ಕಡೆಗೂ ಊರ ಹೊರಗೆ ಎಂಬುದು ಇತ್ತು. ಅತ್ತೆಯ ಈ ಲೆಕ್ಕಾಚಾರ ಕೇಳಿ ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಆದರೆ ಕೈಯೆಲ್ಲ ಹುಣಸೆಹುಳಿ, ಅತ್ತೆ ಬೇರೆ.

ಮಂಗಳವಾರ ಬೆಳಿಗ್ಗೆ ಡೊಳ್ಳು ಬಡಿದುಕೊಂಡು ಊರು ಕೆರೆಯ ಕಡೆ ಹೊರಟಿತು. ನನ್ನ ಗಂಡನಿಗೆ ಎತ್ತುಗಳ ಹಗ್ಗ ಕೊಟ್ಟು, ಯಾರಾದರೂ ಕೇಳಿದರೆ ಹಿಂದೆ ಬರುತ್ತಾರೆ ಎನ್ನು ಎಂದು ಅತ್ತೆ ಹೇಳಿದಳು. ಹೂಂ ಎಂದರು. ಗುಟ್ಟು ಕಾಯಲು ಇಷ್ಟು ಯೋಗ್ಯ ಮನುಷ್ಯ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ನಾವಿಬ್ಬರು ಆಕಳನ್ನು ಹಿಡಿದು ಇನ್ನೊಂದು ತುದಿಯಿಂದ ಹೊರಬಿದ್ದು, ಗಾಡಿದಾರಿಯ ಪಕ್ಕದ ಹುಣಸೆಮರದ ಕೆಳಗೆ ಬೀಡು ಬಿಟ್ಟೆವು. ಅಲ್ಲಿಂದ ನಮ್ಮ ಬೀದಿ ಉದ್ದಕ್ಕೂ ಕಾಣುತ್ತಿತ್ತು. ಬಿಸಿಲಲ್ಲಿ ಖಾಲಿ ಬೀದಿ, ಸಾಲಾಗಿ ತುಂಬಿದ ಬಾನಿಗಳು. ಊಟದ ವಾಸನೆ ಹಿಡಿದು ನಾಯಿಗಳೂ ಕೆರೆಗೆ ಹೋಗಿದ್ದವು. ಅತ್ತೆ ರೊಟ್ಟಿ, ಚಟ್ನಿಪುಡಿ ಬಿಚ್ಚಿದಳು. ಅವಳು ತನ್ನ ಮದುವೆಯ ಕತೆ ಹೇಳಿ ನಗಿಸಿದಳು. ಆ ಮನೆಗೆ ಬಂದ ಮೇಲೆ ನಾನು ಅಷ್ಟು ಸುಖವಾಗಿ ಕುಳಿತದ್ದು ಅದೇ ಮೊದಲು.

ಆಮೇಲೆ ಅತ್ತೆ ಮಾತು ನಿಲ್ಲಿಸಿದಳು. ಬೀದಿಯಲ್ಲಿ ಏನೋ ಓಡಾಡುತ್ತಿತ್ತು.

ನಡೆದದ್ದು ಇಷ್ಟೆ. ಇಡೀ ಊರು ಡೊಳ್ಳು, ದನ, ನಾಯಿ, ಮಕ್ಕಳ ಸಮೇತ ಕೆರೆಯಂಗಳಕ್ಕೆ ಹೋಗಿ ಕುಳಿತಿತ್ತು. ಅಲ್ಲಿದ್ದ ಜಿಂಕೆಗಳು ಎಲ್ಲಿಗೆ ಹೋಗಬೇಕು? ಬಿಸಿಲು, ಬಾಯಾರಿಕೆ, ಹುಣ್ಣಾದ ಬಾಯಿ. ಸದ್ದಿಲ್ಲದ, ನೆರಳಿರುವ, ನೀರಿರುವ ಜಾಗ ಸುತ್ತಮುತ್ತ ಒಂದೇ ಉಳಿದಿತ್ತು. ಅದು ನಮ್ಮ ಊರು. ಹಿತ್ತಲ ಬೇಲಿಗಳ ಸಂದಿಯಿಂದ ನುಸುಳಿ ಹಿಂಡಿಗೆ ಹಿಂಡೇ ಬೀದಿಗೆ ಬಂದಿತ್ತು. ಕುಂಟುತ್ತ, ಜೊಲ್ಲು ಸುರಿಸುತ್ತ, ಮನೆಯಿಂದ ಮನೆಗೆ ಬೀಗರ ಹಾಗೆ ಹೋಗಿ, ತೌಡು ಕಲಸಿದ ತಂಪು ನೀರಿಗೆ ಬಾಯಿಟ್ಟು ಕುಡಿಯುತ್ತಿದ್ದವು. ಬೇನೆ ಊರೊಳಗೆ ಬರಬಾರದೆಂದು ನಾವೆಲ್ಲ ಹೊರಗೆ ಹೋಗಿ ಬೇನೆಗೆ ಜಾಗ ಮಾಡಿಕೊಟ್ಟಿದ್ದೆವು, ತೌಡು ಕಲಸಿಟ್ಟು ಕರೆದಿದ್ದೆವು.

"ಅಯ್ಯೋ ನನ್ನವ್ವ," ಎಂದಳು ಅತ್ತೆ. "ಸಂಜಿಕ್ ದನ ಬಂದು ಅದೇ ನೀರು ಕುಡಿತಾವು."

"ಒಳಗೆ ಹೋಗಿ ಓಡಿಸನ?"

"ಹೋಗಂಗಿಲ್ಲಲ್ಲ! ನೀ ಓಡು. ಗೌಡಗ ಹೇಳು."

"ನಾನಾ? ಗೌಡರ ಎದುರು?"

"ಓಡಂದ್ರ ಓಡು! ಜಿಂಕಿ ನಿನ್ನ ಸೆರಗಿನ ಸಲುವಾಗಿ ಕಾಯ್ತಾವೇನು?"

ಸೀರೆ ಎತ್ತಿಕಟ್ಟಿ ಹೊಲದ ಬದುವಿನ ಮೇಲೆ ಓಡಿದೆ. ಕೆರೆಯಂಗಳ ಮುಟ್ಟಿದಾಗ ಗಂಡಸರೆಲ್ಲ ಊಟಕ್ಕೆ ಸಾಲಾಗಿ ಕುಳಿತಿದ್ದರು. ಗೌಡರ ಎಲೆಗೆ ಆಗ ತಾನೆ ಪಾಯಸ ಬಿದ್ದಿತ್ತು. ಅವರ ಎದುರು ನಿಂತು, ಪದ್ಯ ಒಪ್ಪಿಸುತ್ತಿದ್ದ ಅದೇ ಗಂಟಲಿನಲ್ಲಿ, "ಊರೊಳಗೆ ಜಿಂಕೆ ಹೊಕ್ಕಿದಾವೆ! ಬಾನಿ ನೀರೆಲ್ಲ ಕುಡೀತಾ ಇದಾವೆ!" ಎಂದು ಕೂಗಿದೆ.

ಜಿಂಕೆಯ ವಿಷಯ ಯಾರಿಗೂ ಕಿವಿಗೆ ಬೀಳಲಿಲ್ಲ. ಹೊಸ ಸೊಸೆ ಗೌಡರ ಎದುರು ತಲೆಯ ಮೇಲೆ ಸೆರಗಿಲ್ಲದೆ ನಿಂತು ಕೂಗಿದ್ದೇ ದೊಡ್ಡ ಸುದ್ದಿಯಾಯಿತು. ಹೆಂಗಸರು ಬಾಯಿಗೆ ಕೈ ಹಚ್ಚಿದರು. ನನ್ನ ಗಂಡ ಎಲೆ ನೋಡುತ್ತ ಕುಳಿತರು.

ಗೌಡರು ನಿಧಾನಕ್ಕೆ ಕೇಳಿದರು. "ನೀ ಎತ್ಲಾಗಿಂದ ಬಂದಿ?"

"ಆನವಟ್ಟಿ ದಾರಿಯಿಂದ."

"ನಿಮ್ಮಾಕಳು ಎಲ್ಲೈತಿ?"

ನಾನು ಬಂದ ದಾರಿಯ ಕಡೆ ನೋಡಿದೆ. ಅವರಿಗೆ ಎಲ್ಲ ತಿಳಿಯಿತು. ಸಾಲಿನಲ್ಲಿ ಗುಜುಗುಜು ಎದ್ದಿತು. ಜಿಂಕೆಗಳನ್ನು ಓಡಿಸಿ, ನೀರು ಚೆಲ್ಲಿ ಎಂದು ನಾನು ಮತ್ತೆ ಹೇಳಿದೆ. ಗೌಡರು ಪಾಯಸಕ್ಕೆ ಕೈ ಹಾಕಿದರು. ದೀಪದ ಹೊತ್ತಿಗೆ ಮೊದಲು ಊರೊಳಗೆ ಕಾಲಿಡುವುದಿರಲಿ, ಊರಿನ ಕಡೆ ತಿರುಗಿ ಕೂಡ ನೋಡಬಾರದು ಎಂದರು. ಅಮ್ಮನಿಗೆ ಬಿಟ್ಟ ಊರು, ಬಂದವರನ್ನು ಅಮ್ಮ ನೋಡಿಕೊಳ್ಳುತ್ತಾಳೆ ಎಂದರು. ಸುತ್ತಲಿನವರು ಹೌದೆಂದರು. ಅವರೆಲ್ಲ ಊರಿಗೆ ಬೆನ್ನು ಹಾಕಿಯೇ ಕುಳಿತಿದ್ದರು. ನಾನು ಕೋಪಕ್ಕೆ ಅಳುತ್ತ ವಾಪಸು ಹೊರಟೆ.

ಹುಣಸೆಮರದ ಹತ್ತಿರ ಬಂದರೆ ಆಕಳೊಂದೇ ನಿಂತಿತ್ತು. ಬೀದಿಯಲ್ಲಿ ಜಿಂಕೆ ಇರಲಿಲ್ಲ. ಕೊನೆಯ ಮನೆಯ ಹಿತ್ತಲಿನಿಂದ ಅತ್ತೆ ಬೇಲಿ ದಾಟಿ ಬರುತ್ತಿದ್ದಳು. ಸೀರೆ ಸೊಂಟದವರೆಗೆ ಒದ್ದೆ, ಕೈ ಮೊಣಕೈಯವರೆಗೆ ಬೂದಿ, ಕೂದಲು ಬಿಚ್ಚಿ ಬೆನ್ನ ಮೇಲೆ. ಒಂದು ಕೈಯಲ್ಲಿ ಯಾರದೋ ಮನೆಯ ಪೊರಕೆ.

"ಅವರು ಬರಾದಿಲ್ಲ ಅಂತ ನನಗ ಗೊತ್ತಿತ್ತು," ಎಂದಳು ಏದುಸಿರು ಬಿಡುತ್ತ. "ಗೌಡ ಊಟಕ್ಕ ಕುಂತಿದ್ದನಾ?"

ಒಬ್ಬಳೇ ಪೊರಕೆ ಹಿಡಿದು ಹಿಂಡನ್ನು ಬೀದಿಯಿಂದ ಹೊರಗೆ ಗುಡಿಸಿದ್ದಳು. ಪ್ರತಿ ಮನೆಯ ಬಾನಿಯನ್ನೂ ಬೋರಲು ಕೆಡವಿ, ನೀರು ಚೆಲ್ಲಿ, ಆ ಮನೆಯ ಹಿತ್ತಲಿನ ಬೂದಿಯನ್ನೇ ತಂದು ಒಳಗೂ ಹೊರಗೂ ಸುರಿದಿದ್ದಳು. ಬಾಯಿಟ್ಟ ಹುಲ್ಲನ್ನೆಲ್ಲ ತಿಪ್ಪೆಗೆ ಎಳೆದಿದ್ದಳು. ಯಾರ ಮುಂದೆಯೂ ಉಸಿರೆತ್ತಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು. ದೀಪದ ಹೊತ್ತಿಗೆ ಮೊದಲು ಒಳಗೆ ಹೋದವಳು ಎಂದು ಗೊತ್ತಾದರೆ ಊರಿನಲ್ಲಿ ಮುಂದೆ ಯಾರಿಗೆ ಕೆಮ್ಮು ಬಂದರೂ ಅವಳೇ ಕಾರಣ. ಆಯಾಸಕ್ಕೆ ಆಕಳಿಗೆ ಒರಗಿ ಕುಳಿತಳು. ಬೆವರಿನ ಉಪ್ಪಿಗೋ ಏನೋ, ಆಕಳು ಅವಳ ಕೈ, ಸೆರಗು ಎಲ್ಲ ನೆಕ್ಕತೊಡಗಿತು. ನನ್ನ ಆಕಳು ನನ್ನ ಅತ್ತೆಯನ್ನು ನೆಕ್ಕುವುದನ್ನು ನೋಡಿ ನನಗೆ ಹೊಟ್ಟೆಯೊಳಗೆ ಹಾಲು ಕುಡಿದಷ್ಟು ತಂಪಾಯಿತು.

ಸಂಜೆ ತೋರಣದ ಕೆಳಗೆ ಹಾದು ಒಳಗೆ ಬಂದ ಊರು ಬೀದಿಯಲ್ಲಿ ನಿಂತುಬಿಟ್ಟಿತು. ಒಂದೊಂದು ಮನೆಯ ಮುಂದೂ ಬಾನಿ ಬೋರಲು. ಮೇಲೆ ಬಿಳಿಯ ಬೂದಿ.  ಗೌಡರು ರುಮಾಲು ತೆಗೆದು ಕೈ ಮುಗಿದರು.

"ಅಮ್ಮ ಬಂದು ಹೋಗ್ಯಾಳ," ಎಂದರು. "ನೋಡ್ರಿ, ಭಸ್ಮ ಕೊಟ್ಟು ಹೋಗ್ಯಾಳ."

ಜನ ಬಾನಿಗೆ ಅಡ್ಡಬಿದ್ದರು. ತಮ್ಮ ತಮ್ಮ ಮನೆಯ ಒಲೆಯ ಬೂದಿಯನ್ನು ಚಿಟಿಕೆ ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು, ದನಗಳ ಕೊಂಬಿಗೆ ಹಚ್ಚಿದರು. ಅಮ್ಮನೇ ನೀರು ಬೇಡ ಎಂದಿದ್ದಾಳೆ ಎಂದು ಆ ರಾತ್ರಿ ಯಾರೂ ದನಕ್ಕೆ ನೀರಿಡಲಿಲ್ಲ. ಅತ್ತೆಯೂ ಎಲ್ಲರ ಹಾಗೆ ನಮ್ಮ ಮನೆಯ ಬಾನಿಗೆ ಕೈ ಮುಗಿದು ಬೂದಿ ಹಚ್ಚಿಕೊಂಡಳು. ಬಗ್ಗಿದವಳಿಗೆ ಏಳಲು ಆಗಲಿಲ್ಲ, ಸೊಂಟ ಹಿಡಿದಿತ್ತು. ಭಕ್ತಿಯೆಂದರೆ ಅದು ನೋಡಿ ಎಂದು ಪಕ್ಕದ ಮನೆಯವಳು ತನ್ನ ಸೊಸೆಗೆ ತೋರಿಸಿದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ.

ವಾರದ ನಂತರ ಡಾಕ್ಟರು ಬಂದರು. ಬಾನಿ ಚೆಲ್ಲಿ ಬೂದಿ ಹಾಕಿದ ಸುದ್ದಿ ಕೇಳಿ ಅವರಿಗೆ ಆನಂದವೋ ಆನಂದ. ಹಳ್ಳಿಯಲ್ಲಿ ತಮ್ಮ ಮಾತನ್ನು ಇಷ್ಟು ಚಾಚೂ ತಪ್ಪದೆ ನಡೆಸಿದವರನ್ನು ತಾವು ಕಂಡೇ ಇಲ್ಲ ಎಂದು ಗೌಡರ ಕೈ ಕುಲುಕಿದರು. ಗೌಡರು ಮೀಸೆಯೊಳಗೆ ನಕ್ಕು, "ಎಲ್ಲಾ ಅಮ್ಮನ ದಯೆ" ಎಂದು ಕೈ ಕೊಟ್ಟರು. ಊರಿನಲ್ಲಿ ಒಂದು ದನಕ್ಕೂ ಬೇನೆ ಇರಲಿಲ್ಲ. ಸುತ್ತಲಿನ ಊರುಗಳಲ್ಲಿ ಕೊಟ್ಟಿಗೆ ಕೊಟ್ಟಿಗೆಯೇ ಕುಂಟುತ್ತಿತ್ತು.

ಒಂದು ದನಕ್ಕೂ ಇರಲಿಲ್ಲ ಎಂದೆ. ನಮ್ಮದನ್ನು ಬಿಟ್ಟು.

ಅಂದು ಬೆಳಿಗ್ಗೆ ಕೆಂದಾಕಳು ಹುಲ್ಲು ಮುಟ್ಟಿರಲಿಲ್ಲ. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಮುಂಗಾಲು ಎತ್ತಿ ಎತ್ತಿ ಇಡುತ್ತಿತ್ತು. ಡಾಕ್ಟರು ಬಾಯಿ ಬಿಡಿಸಿ ನೋಡಿ, "ಇದೊಂದಕ್ಕೇ ಹೇಗೆ ಬಂತು? ಇದು ಜಿಂಕೆಯ ಹತ್ತಿರ ಹೋಗಿತ್ತೇ?" ಎಂದರು. ಹೋಗಿರಲಿಲ್ಲ ಎಂದೆ. ಅಷ್ಟು ಹೊತ್ತಿಗೆ ನಾನು ಬಾಗಿಲ ಹಿಂದೆ ನಿಲ್ಲುವುದನ್ನು ಬಿಟ್ಟಿದ್ದೆ, ಹೋದ ಮಾನ ಹೋಗಿಯೇ ಆಗಿತ್ತು. ಡಾಕ್ಟರು ಸೋಪು ಹಚ್ಚಿ ಕೈ ತೊಳೆಯುತ್ತ, "ಹಾಗಾದರೆ ಯಾರೋ ತಂದಿರಬೇಕು. ಈ ಬೇನೆ ಮನುಷ್ಯರ ಕೈ ಮೇಲೆ, ಬಟ್ಟೆ ಮೇಲೆ ಸವಾರಿ ಮಾಡಿಕೊಂಡು ಬರುತ್ತೆ" ಎಂದರು.

ನೀರು ಹೊಯ್ಯುತ್ತಿದ್ದ ಅತ್ತೆಯ ಚೊಂಬು ನಿಂತಿತು. ಅವಳು ತನ್ನ ಕೈ ನೋಡಿಕೊಂಡಳು. ಅವಳ ಮುಖ ನಾನು ನೋಡಲಾರದೆ ಹೋದೆ. ನನಗೆ ಅವಳ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಊರಿಗೆ ಮಾತ್ರ ಎಲ್ಲ ಹಗಲಿನಷ್ಟು ನಿಚ್ಚಳವಾಗಿತ್ತು. ಹೊರಬೀಡಿಗೆ ಬಂದ ದನಗಳೆಲ್ಲ ಗಟ್ಟಿಮುಟ್ಟು. ಬಾರದ ಆಕಳಿಗೆ ಬೇನೆ. ಇನ್ನೇನು ಸಾಕ್ಷಿ ಬೇಕು? ಮುಂದೆ ಎಷ್ಟೋ ವರ್ಷ ಹೊರಬೀಡಿಗೆ ತಕರಾರು ಮಾಡುವವರಿಗೆಲ್ಲ ನಮ್ಮ ಆಕಳನ್ನು ಉದಾಹರಣೆ ಕೊಡುತ್ತಿದ್ದರು.

ಅತ್ತೆ ಕೊಟ್ಟಿಗೆಯಲ್ಲೇ ಮಲಗತೊಡಗಿದಳು. ಪಟಕದ ನೀರಿನಲ್ಲಿ ಬಾಯಿ ತೊಳೆಯುವುದು, ಹುಣ್ಣಿಗೆ ಜೇನು ಸವರುವುದು, ರಾಗಿ ಗಂಜಿಯನ್ನು ಬಿದಿರಿನ ಗೊಟ್ಟದಲ್ಲಿ ಹೊಯ್ಯುವುದು ಎಲ್ಲ ಅವಳೇ. ಆಕಳು ಕಂದು ಹಾಕುತ್ತದೆ ಎಂದು ನಾನು ದಿನಾ ಎದೆ ಹಿಡಿದುಕೊಂಡು ಏಳುತ್ತಿದ್ದೆ. ಹಾಕಲಿಲ್ಲ. ಮೊದಲ ಮಳೆ ಬಿದ್ದ ದಿನ ಹೆಣ್ಣು ಕರು ಹಾಕಿತು. ಬಡಕಲು, ನಡುಗುತ್ತಿತ್ತು, ಆದರೆ ಕಿವಿ ಬಡಿಯುತ್ತಿತ್ತು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು, ಆ ಮನೆಗೆ ಮೊದಲು ಬಂದ ದಿನದಷ್ಟೇ ಅತ್ತುಬಿಟ್ಟೆ. ಆ ಮಳೆಗೆ ಜಿಂಕೆಯ ಹಿಂಡೂ ಕಾಡಿನ ಒಳಕ್ಕೆ ಸರಿಯಿತು. ಮೊದಲಿನ ಅರ್ಧದಷ್ಟೂ ಇರಲಿಲ್ಲ, ಮರಿಗಳು ಕಾಣಲೇ ಇಲ್ಲ ಎಂದು ನೋಡಿದವರು ಹೇಳಿದರು.

ಆದರೆ ತಾಯಿಯ ಕೆಚ್ಚಲು ಬತ್ತಿತ್ತು, ಕರುವನ್ನು ಅದರ ಹತ್ತಿರ ಬಿಡಬೇಡಿ ಎಂದು ಡಾಕ್ಟರೂ ಹೇಳಿದ್ದರು. ಕರು ಉಳಿಯಬೇಕಾದರೆ ಬೇರೆಯವರ ಹಾಲು ಬೇಕು. ಹೀಗೆ ನಾನು ದಿನಾ ಬೆಳಿಗ್ಗೆ ಮಿಂದು, ಸೀರೆ ಬದಲಿಸಿ, ಚೊಂಬು ಹಿಡಿದು ಮನೆಮನೆಗೆ ಹೊರಟೆ. ಯಾರೂ ಇಲ್ಲ ಎನ್ನಲಿಲ್ಲ, ಒಳ್ಳೆಯ ಜನ. ಕೊಟ್ಟಿಗೆಯ ಹತ್ತಿರ ಬಿಡದೆ, ಬೀದಿಯಲ್ಲೇ ನಿಲ್ಲಿಸಿ, ಮೇಲಿನಿಂದ ಹಾಲು ಹೊಯ್ಯುತ್ತಿದ್ದರು. ಹಾಲಿನ ಜೊತೆಗೆ ಬುದ್ಧಿಯನ್ನೂ ಹೊಯ್ಯುತ್ತಿದ್ದರು. ಅಮ್ಮನ ಕಟ್ಟಳೆ ಮೀರಬಾರದು ತಂಗೀ. ನಿಮ್ಮತ್ತಿಗೆ ಸೊಕ್ಕು ತಂಗೀ. ಆಕೀ ಮಾತು ಕೇಳಿ ಕೆಟ್ಟಿ ನೋಡು ತಂಗೀ. ಚೊಂಬು ತುಂಬುವ ತನಕ ನಾನು ತಲೆ ತಗ್ಗಿಸಿ ನಿಲ್ಲಬೇಕು. ಅವರ ಹಿಂದೆ ಕೊಟ್ಟಿಗೆಯಲ್ಲಿ ಅವರ ದನಗಳು ಕುಂಟದೆ, ಜೊಲ್ಲು ಸುರಿಸದೆ, ಹಾಯಾಗಿ ಮೆಲುಕು ಹಾಕುತ್ತ ನಿಂತಿರುತ್ತಿದ್ದವು.

ಒಂದು ದಿನ ಗೌಡರ ಹೆಂಡತಿ, ನಿಮ್ಮತ್ತಿ ಬಂದು ಗೌಡರ ಮುಂದ ತಪ್ಪಾತು ಅನ್ನಲಿ, ಅಲ್ಲೀತನಕ ನಮ್ಮನಿ ಹಾಲು ಅರ್ಧ ಚೊಂಬೇ ಎಂದರು. ನನಗೆ ತಡೆಯಲಾಗಲಿಲ್ಲ. ಬಿರಬಿರನೆ ಮನೆಗೆ ಬಂದೆ. ಅತ್ತೆ ಕರುವನ್ನು ತೊಡೆಯ ಮೇಲೆ ಹಾಕಿಕೊಂಡು ಗೊಟ್ಟ ಹಿಡಿದು ಹಾಲಿಗೆ ಕಾಯುತ್ತಿದ್ದಳು.

"ಹೇಳಿಬಿಡಿ ಅತ್ತೇ!" ಎಂದೆ. "ಅವರ ದನ ಎಲ್ಲ ಉಳಿಸಿದ್ದು ನೀವು. ನಮ್ಮದಕ್ಕೆ ಬೇನೆ ಬಂದಿದ್ದೂ ಅದ್ರಿಂದ್ಲೇ. ಬೀದೀಲಿ ನಿಂತು ಹೇಳಿಬಿಡಿ, ಇಲ್ಲಾಂದ್ರೆ ನಾನೇ ಹೇಳ್ತೀನಿ!"

ಅತ್ತೆ ಚೊಂಬು ತೆಗೆದುಕೊಂಡು ಎಷ್ಟಿದೆ ಎಂದು ಬಗ್ಗಿ ನೋಡಿದಳು. ಗೊಟ್ಟಕ್ಕೆ ಹಾಲು ತುಂಬಿಸಿ ಕರುವಿನ ಬಾಯಿಗಿಟ್ಟಳು. ಅದು ಕುಡಿಯುವುದನ್ನು ನೋಡುತ್ತ ನೋಡುತ್ತ ಹೇಳಿದಳು.

"ಹೇಳಿದ್ರ, ನಾಳಿ ಹಾಲು ಕೊಡ್ತಾರೇನೇ?"

ಮರುದಿನ ಬೆಳಿಗ್ಗೆ ನಾನು ಮಿಂದು, ಚೊಂಬು ಹಿಡಿದು, ಮೊದಲು ಗೌಡರ ಮನೆಗೇ ಹೋದೆ. ಗೌಡರು ಜಗುಲಿಯ ಮೇಲಿದ್ದರು. ಅವರ ಎದುರು ನಿಂತು, ಅತ್ತೆಯ ಪರವಾಗಿ, ಊರಿಗೆಲ್ಲ ಕೇಳುವ ಹಾಗೆ "ತಪ್ಪಾತ್ರೀ" ಎಂದೆ. ಅಂದು ಚೊಂಬು ತುಂಬ ಹಾಲು ಕೊಟ್ಟರು.